ಬಾಗಿಲಿಂದ ಒಳಕ್ಕೆ ಹಾಸಿದ ನೆಲ

"ಕಸ ಗುಡಿಸೋರಿಗೂ ಗೊತ್ತಿರುತ್ತಲ್ಲೋ, ಒಳಗಿಂದ ಹೊರಗೆ ಬರಬೇಕು ಅಂತ! ಬಾಗಿಲಲ್ಲಿ ಶುರುಮಾಡಿ ಹಿತ್ತಿಲಿಗೆ ಹೋಗಿ ಕೂತಿದೀಯಲ್ಲ, ನಿನಗೆ ಟೈಲ್ಸ್ ಹಾಕೋದು ಕಲಿಸಿದ್ದು ಯಾರೋ, ಏಡಿನಾ?"

ಗುತ್ತಿಗೆದಾರ ಹೊಸ್ತಿಲಾಚೆ ನಿಂತು ಕೂಗಿದ. ಅವನ ಪಕ್ಕದಲ್ಲಿ ಮನೆ ಕಟ್ಟಿಸುತ್ತಿದ್ದ ಯಜಮಾನರು ಒಂದು ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಒಂಟಿಕಾಲಲ್ಲಿ ನಿಂತಿದ್ದರು. ಚಪ್ಪಲಿಯ ಅಡಿಗೆ ಹಸಿ ಗಾರೆ ಮೆತ್ತಿತ್ತು. ಹೊಸ ನೆಲ ನೋಡುವ ಆಸೆಗೆ ಅವರು ಒಳಗಿಟ್ಟ ಒಂದೇ ಹೆಜ್ಜೆಗೆ ಬಾಗಿಲ ಬಳಿಯ ಟೈಲ್ಸು ಒಂದು ಮೂಲೆಯಲ್ಲಿ ಕುಸಿದು ಇನ್ನೊಂದು ಮೂಲೆಯಲ್ಲಿ ಎದ್ದಿತ್ತು. ಸಂದಿಯಿಂದ ಸಿಮೆಂಟು ನೀರು ಉಕ್ಕಿ ಹರಿದಿತ್ತು.

ಬೈಸಿಕೊಂಡವನು ಹಾಲ್‌ನ ಆ ತುದಿಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ಎಲ್ಲರೂ ಅವನನ್ನು ಖಾರಪುಡಿ ಎನ್ನುತ್ತಿದ್ದರು. ಒಂದು ಮಾತು ಎಸೆದರೆ ನಾಲ್ಕು ಬಂದು ಕಣ್ಣಿಗೆ ಬೀಳುತ್ತಿದ್ದವು, ಹಾಗಾಗಿ. ಬೈದವನಿಗೂ ಅವನಿಗೂ ನಡುವೆ ಅವನೇ ಬೆಳಗಿನಿಂದ ಹಾಸಿದ ಹಸಿ ನೆಲ. ಗುತ್ತಿಗೆದಾರ ಬಂದು ಕೊರಳಪಟ್ಟಿ ಹಿಡಿಯುವ ಹಾಗಿಲ್ಲ, ಇವನು ಹೋಗಿ ಮುಖಕ್ಕೆ ಮುಖ ಕೊಡುವ ಹಾಗಿಲ್ಲ. ಹೊಳೆಯ ಆ ದಡ ಈ ದಡದಲ್ಲಿ ನಿಂತು ಜಗಳವಾಡಿದ ಹಾಗೆ.

"ಹಸಿ ನೆಲಕ್ಕೆ ಕಾಲಿಡಬಾರದು ಅಂತ ಎಮ್ಮೆಗೂ ಗೊತ್ತಿರುತ್ತೆ!" ಎಂದು ಅವನೂ ಕೂಗಿದ.

ಹೊರಗೆ ಏಣಿಯ ಮೇಲಿದ್ದ ಬಣ್ಣದವನು ಕುಂಚ ಹಿಡಿದುಕೊಂಡೇ ನಕ್ಕ. "ಎಮ್ಮೆಗೆ ಹಸಿ ನೆಲಾನೇ ಇಷ್ಟ ಕಣೋ!"

ಎಮ್ಮೆ ಅಂದದ್ದು ಯಾರಿಗೆ ಎಂದು ಯಜಮಾನರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವರು ಗುತ್ತಿಗೆದಾರನ ಮುಖ ನೋಡಿದರು. ಗುತ್ತಿಗೆದಾರ ಬಾಗಿಲ ಪಕ್ಕದಲ್ಲೇ ನಿಂತಿದ್ದ ಮೇಸ್ತ್ರಿಯ ಕಡೆ ತಿರುಗಿದ. ಮೇಸ್ತ್ರಿ ಖಾರಪುಡಿಯ ಸೋದರಮಾವ. ಕೆಲಸ ಕಲಿಸಿದ ಏಡಿಯೂ ಅವನೇ.

"ಕೇಳಿದ್ರಾ ಮೇಸ್ತ್ರಿ, ನಿಮ್ಮ ಅಳಿಯನ ಬಾಯಿ? ಮುಂದಿನ ಆಫೀಸ್ ಕಟ್ಟಡದಲ್ಲಿ ಇವನ ಕೈಗೆ ದಾರ ಕೊಡ್ತೀನಿ ಅಂದಿದ್ರಿ. ದಾರ ಬೇಡ. ಒಂದು ಪೊರಕೆ ಕೊಡಿ. ಮೊದಲು ಗುಡಿಸೋದು ಕಲಿಯಲಿ."

ನೆಲದ ಕೆಲಸದಲ್ಲಿ ದಾರ ಎಳೆಯುವವನೇ ದೊಡ್ಡವನು. ಗೋಡೆಯಿಂದ ಗೋಡೆಗೆ ಅವನು ಎಳೆದ ದಾರದ ಪ್ರಕಾರ ಮಿಕ್ಕವರೆಲ್ಲ ಟೈಲ್ಸು ಕೂರಿಸಬೇಕು. ಅವನು ಹೌದೆಂದರೆ ಹೌದು, ಅಲ್ಲವೆಂದರೆ ಕೀಳಬೇಕು. ಮಾವನ ಮಂಡಿ ಸವೆದು ಹೋಗಿತ್ತು. ಕೂತರೆ ಏಳಲು ಗೋಡೆ ಬೇಕು. ಆಫೀಸ್ ಕಟ್ಟಡದಿಂದ ದಾರ ಅಳಿಯನ ಕೈಗೆ ಎಂದು ಅವನು ಎಲ್ಲರಿಗೂ ಹೇಳಿಕೊಂಡು ಬಂದಿದ್ದ. ಖಾರಪುಡಿಗೆ ಬದುಕಿನಲ್ಲಿ ಬೇಕಾಗಿದ್ದದ್ದು ಅದೊಂದೇ. ಸ್ಕೂಲು ಅವನನ್ನು ಹೊರಗೆ ಹಾಕಿತ್ತು. ಈ ದಾರ ಒಳಗೆ ಸೇರಿಸಿಕೊಳ್ಳುತ್ತದೆ ಎಂದುಕೊಂಡಿದ್ದ.

ಮಾವ ಗುತ್ತಿಗೆದಾರನಿಗೆ ಏನೂ ಹೇಳಲಿಲ್ಲ. ಅದು ಖಾರಪುಡಿಯನ್ನು ಏಡಿ ಅಂದದ್ದಕ್ಕಿಂತ ಜಾಸ್ತಿ ಉರಿಸಿತು.

ಬಾಗಿಲಿಂದ ಒಳಕ್ಕೆ ನೆಲ ಹಾಸಬಾರದು ಎಂದು ಖಾರಪುಡಿಗೆ ಗೊತ್ತಿರಲಿಲ್ಲವೇ? ನಿದ್ದೆಗಣ್ಣಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದ. ಆದರೆ ಆ ಮನೆಯಲ್ಲಿ ನೀರು ಬರುತ್ತಿದ್ದ ಕಕ್ಕಸು ಒಂದೇ, ಹಿತ್ತಿಲ ಬಾಗಿಲ ಪಕ್ಕದ್ದು. ಪದ್ಧತಿಯ ಪ್ರಕಾರ ಹಿಂದಿನಿಂದ ಮುಂದಕ್ಕೆ ಬಂದರೆ, ಮಧ್ಯಾಹ್ನದ ಹೊತ್ತಿಗೆ ಅವನು ಬೀದಿ ಬಾಗಿಲಲ್ಲಿರುತ್ತಾನೆ, ಕಕ್ಕಸು ಹಸಿ ನೆಲದ ಆಚೆಗಿರುತ್ತದೆ. ಮನೆಯ ಎರಡು ಬದಿಗೂ ಪಕ್ಕದ ಮನೆಗಳ ಗೋಡೆ ತಾಗಿಕೊಂಡಿತ್ತು. ಸುತ್ತಿ ಹೋಗಬೇಕೆಂದರೆ ಇಡೀ ಬೀದಿ ಬಳಸಬೇಕು. ಅಷ್ಟು ದೂರಕ್ಕೆ ಅವನ ಹೊಟ್ಟೆ ಒಪ್ಪುತ್ತಿರಲಿಲ್ಲ. ಅದು ಕರೆದರೆ ಕರೆದ ಕ್ಷಣಕ್ಕೆ ಹೋಗಬೇಕು. ಒಮ್ಮೆ ತಡವಾಗಿತ್ತು. ಅವತ್ತು ಮೈಮೇಲೆ ಒಂದು ಬಕೆಟ್ಟು ನೀರು ಸುರಿದುಕೊಂಡು, ಪೈಪು ಒಡೆದು ನೆನೆದೆ ಎಂದು ಎಲ್ಲರಿಗೂ ಸುಳ್ಳು ಹೇಳಿದ್ದ.

ಕುಡುಕ ಅನ್ನಲಿ, ಸೋಮಾರಿ ಅನ್ನಲಿ, ಏಡಿ ಅನ್ನಲಿ. ಇದೊಂದನ್ನು ಮಾತ್ರ ಬಾಯಿ ಬಿಡಬಾರದು ಎಂದು ಅವನು ನಿರ್ಧರಿಸಿದ್ದ. ಮಿಕ್ಕೆಲ್ಲಕ್ಕೂ ಬಾಯಿ ಬಿಡುವ ಗಂಡು!

ಮಾವ ಬೀದಿ ಬಳಸಿ ಹಿತ್ತಿಲ ಬಾಗಿಲಿಂದ ಬರುವ ಹೊತ್ತಿಗೆ ಖಾರಪುಡಿ ಇನ್ನೂ ಗೊಣಗುತ್ತಾ ಕರಣೆ ಒರೆಸುತ್ತಿದ್ದ. ಮೈಯೆಲ್ಲ ಬೆವರು. ಒರೆಸಿದ್ದನ್ನೇ ಮತ್ತೆ ಮತ್ತೆ ಒರೆಸುತ್ತಿದ್ದ.

"ಯಾಕೋ ಹೀಗೆ ಮಾಡಿದೆ?"

"ತಲೆ ಕೆಟ್ಟಿತ್ತು. ಮಾಡ್ದೆ."

"ತಲೆ ಕೆಟ್ಟಿದ್ರೆ ವಕ್ರ ಹಾಕ್ತಿದ್ದೆ. ಇದು ನೀಟಾಗಿ ಹಾಕಿದೀಯ, ಉಲ್ಟಾ ಹಾಕಿದೀಯ. ಏನು ವಿಷಯ?"

ಕರಣೆ ಖಾರಪುಡಿಯ ಕೈಯಿಂದ ಜಾರಿ ಬಿತ್ತು. ಬೆರಳು ನಡುಗುವುದನ್ನು ನೋಡಿದ ಕೂಡಲೇ ಮಾವ ಅವನ ಚೀಲಕ್ಕೆ ಕೈ ಹಾಕಿ ಗ್ಲೂಕೋಸ್ ಪುಡಿಯ ಡಬ್ಬಿ ತೆಗೆದ. ಅಳಿಯನಿಗೆ ಹುಡುಗನಾಗಿದ್ದಾಗಿಂದ ಸಕ್ಕರೆ ಕಾಯಿಲೆ. ಇನ್ಸುಲಿನ್ ಚುಚ್ಚಿಕೊಂಡು ಊಟ ತಪ್ಪಿದರೆ ಹೀಗಾಗುತ್ತದೆ ಎಂದು ಮನೆಯವರಿಗೆಲ್ಲ ಗೊತ್ತಿತ್ತು. ನೀರಿಗೆ ಕಲಸಿ ಕುಡಿಸಿದ.

"ಬೆಳಿಗ್ಗೆ ತಿಂದಿಲ್ವಾ?"

"ತಿಂದೆ ಮಾವ. ನಿನ್ನಾಣೆ ತಿಂದೆ."

"ತಿಂದವನಿಗೆ ಯಾಕೆ ಸಕ್ಕರೆ ಇಳೀತು?"

ಖಾರಪುಡಿ ಏನೋ ಹೇಳಲು ಹೋದ. ಮಾತಿನ ಬದಲು ವಾಂತಿ ಬಂತು. ಹಿತ್ತಿಲ ಚರಂಡಿಯ ಪಕ್ಕ ಕೂತು, ಮಾವನ ಕೈ ಬೆನ್ನ ಮೇಲಿರುವಾಗ, ಒಳಗಿದ್ದದ್ದನ್ನೆಲ್ಲ ಕಕ್ಕಿದ. ಮೇಲೆ ಆಗತಾನೇ ಕುಡಿದ ನೀರು, ಅದರ ಕೆಳಗೆ ಬೆಳಗಿನ ಅನ್ನ, ಅನ್ನದ ಜೊತೆಗೆ ಅಗಿದು ನುಂಗಿದ ಹಾಗೇ ಇದ್ದ ಕ್ಯಾರೆಟ್ಟು, ಎಲೆಕೋಸು.

ಮಾವ ಮೂಗು ಮುಚ್ಚಿಕೊಳ್ಳಲಿಲ್ಲ. ಬಗ್ಗಿ ನೋಡಿದ. ಮೇಸ್ತ್ರಿಯ ಕಣ್ಣು, ಪದರ ಪದರವಾಗಿ ನೋಡಿ ಅಭ್ಯಾಸ.

"ಕ್ಯಾರೆಟ್ ಯಾವಾಗ ತಿಂದೆ?"

"ನಿನ್ನೆ. ಅಕ್ಕ ಕೊಟ್ಟಿದ್ದು. ಇವತ್ತು ತಿಂದಿದ್ದು ಬರೀ ಅನ್ನ."

"ನಿನ್ನೆ ತಿಂದಿದ್ದು ಇವತ್ತು ಇಷ್ಟು ಹೊತ್ತಾದ್ರೂ ಹೊಟ್ಟೇಲೇ ಕೂತಿದೆಯಾ? ಬಾಡಿಗೆ ಕೊಡದೇ ಮನೆ ಬಿಡದೇ ಇರೋರ ಹಾಗೆ?"

"ಗ್ಯಾಸ್ಟ್ರಿಕ್ ಮಾವ."

"ನಿನ್ನ ಗ್ಯಾಸ್ಟ್ರಿಕ್‌ಗೆ ಬೆಂಕಿ ಬೀಳ! ಏಳು, ಆಸ್ಪತ್ರೆಗೆ ಹೋಗೋಣ."

ಗ್ಯಾಸ್ಟ್ರಿಕ್ ಎನ್ನುವುದು ಎಲ್ಲಕ್ಕೂ ಹೊಂದುವ ಬೀಗದ ಕೈ. ಎದೆ ಉರಿದರೂ ಗ್ಯಾಸ್ಟ್ರಿಕ್, ಬೆನ್ನು ಹಿಡಿದರೂ ಗ್ಯಾಸ್ಟ್ರಿಕ್, ಅತ್ತೆ ಸೊಸೆ ಜಗಳವಾಡಿ ಊಟ ಬಿಟ್ಟರೂ ಗ್ಯಾಸ್ಟ್ರಿಕ್. ಎರಡು ತುತ್ತಿಗೇ ಹೊಟ್ಟೆ ಕಲ್ಲಾಗುವುದಕ್ಕೂ ಅವನು ಅದೇ ಹೆಸರಿಟ್ಟಿದ್ದ. ಹೊಟ್ಟೆಯ ಕೆಳಗಿನ ಕಥೆಗೆ ಹೆಸರನ್ನೇ ಇಟ್ಟಿರಲಿಲ್ಲ.

ಆಸ್ಪತ್ರೆಯಲ್ಲಿ ಸಕ್ಕರೆ ನೋಡಿದರು. ಅಷ್ಟು ಹೊತ್ತಿಗೆ ಅದು ಸರಿಹೋಗಿತ್ತು. ಡಾಕ್ಟರು ಹೆಂಗಸು, ಸಣ್ಣ ವಯಸ್ಸು, ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು. ಕ್ಯಾರೆಟ್ಟಿನ ಕಥೆಯನ್ನು ಮಾವನ ಬಾಯಿಂದ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಖಾರಪುಡಿಯ ಕಡೆ ತಿರುಗಿ, ಬಸ್ಸು ಎಷ್ಟೊತ್ತಿಗೆ ಎಂದು ಕೇಳುವ ದನಿಯಲ್ಲಿ, "ಕಕ್ಕಸಿಗೆ ಹೋಗೋದು ಹೇಗಿದೆ?" ಎಂದರು.

"ಚೆನ್ನಾಗಿದೆ."

"ಚೆನ್ನಾಗಿದೆ ಅಂದ್ರೆ?"

"ಚೆನ್ನಾಗಿದೆ ಅಂದ್ರೆ ಚೆನ್ನಾಗಿದೆ. ಅದನ್ನ ಇನ್ನು ಹೇಗೆ ಹೇಳ್ತಾರೆ?"

"ನೀರು ನೀರಾಗಿ ಹೋಗುತ್ತಾ? ರಾತ್ರಿ ನಿದ್ದೆಯಿಂದ ಎಬ್ಬಿಸುತ್ತಾ? ತಡೆಯೋಕಾಗದೆ ಬಟ್ಟೇಲೇ ಆಗಿದೆಯಾ?"

ಖಾರಪುಡಿ ಗೋಡೆ ನೋಡಿದ. ಆಸ್ಪತ್ರೆಯ ಗೋಡೆಗೆ ಯಾವನೋ ಟೈಲ್ಸು ಹಾಕಿದ್ದ. ಒಂದು ಸಾಲು ಮಟ್ಟ ತಪ್ಪಿತ್ತು. ಕಿವಿ ಕೆಂಪಾದವು. ಅಳಿಯನ ಕಷ್ಟ ಮಾವನಿಗೆ ಅರ್ಥವಾಯಿತು. "ನಾನು ಹೊರಗಿರ್ತೀನಿ ಡಾಕ್ಟ್ರೇ" ಎಂದು ಗೋಡೆ ಹಿಡಿದು ಎದ್ದ. ಬಾಗಿಲ ತನಕ ಹೋದವನು ಅಲ್ಲೇ ನಿಂತ.

"ಒಂದು ಮಾತು ಡಾಕ್ಟ್ರೇ. ಸಕ್ಕರೆ ಇರೋರಿಗೆ ಉಲ್ಟಾನೂ ಆಗುತ್ತಾ? ಹೋಗದೇನೇ ಇರೋದು? ಒಂದು ವಾರ ಆದ್ರೂ?"

"ಆಗುತ್ತೆ. ಯಾರಿಗೆ?"

"ನನಗೆ ಗೊತ್ತಿರೋ ಒಬ್ಬರಿಗೆ."

"ಆ ಗೊತ್ತಿರೋರು ಬಂದು ಕೂತ್ಕೊಳ್ಳಲಿ" ಎಂದು ಡಾಕ್ಟರು ಇನ್ನೊಂದು ಕುರ್ಚಿ ಎಳೆದರು.

ಮಾವ ಬಂದು ಕೂತ. ಖಾರಪುಡಿ ಅವನನ್ನು ಬಾಯಿ ಬಿಟ್ಟುಕೊಂಡು ನೋಡಿದ. ಮಾವನಿಗೂ ಸಕ್ಕರೆ ಇರುವುದು ಗೊತ್ತಿತ್ತು, ಮಾತ್ರೆ ನುಂಗುತ್ತಿದ್ದ. ದಿನಾ ಬೆಳಿಗ್ಗೆ ಕಕ್ಕಸಿನಲ್ಲಿ ಬೀಡಿ ಸೇದುತ್ತಾ ಕೂರುವುದು ಬೀಡಿಯ ಚಟ ಎಂದು ಇಡೀ ಮನೆ ನಂಬಿತ್ತು.

"ನಿನಗೂನಾ?" ಎಂದ ಖಾರಪುಡಿ.

"ನಿನಗೆ ನಿಲ್ಲಲ್ಲ, ನನಗೆ ಹೋಗಲ್ಲ. ಇಬ್ಬರನ್ನೂ ಕಲಸಿ ಸೋಸಿದ್ರೆ ಒಬ್ಬ ಸರಿಯಾದ ಮನುಷ್ಯ ಸಿಗ್ತಿದ್ದ."

ಡಾಕ್ಟರು ನಕ್ಕರು. ಖಾರಪುಡಿಗೂ ನಗು ಬಂತು, ತಡೆದುಕೊಂಡ. ನಕ್ಕರೆ ಕೆಳಗೆ ಏನಾಗುತ್ತದೋ ಎಂಬ ಭಯ. ಆಮೇಲೆ, ಗೋಡೆ ನೋಡುತ್ತಲೇ, ಎಲ್ಲವನ್ನೂ ಹೇಳಿದ. ಬಕೆಟ್ಟಿನ ಕಥೆ ಹೇಳಿದ. ಕೆಲವು ವಾರ ಭೇದಿ, ಮತ್ತೆ ಕೆಲವು ದಿನ ಏನೂ ಇಲ್ಲ, ಮತ್ತೆ ಭೇದಿ. ಕೊನೆಗೆ ಬಾಗಿಲಿಂದ ಒಳಕ್ಕೆ ನೆಲ ಹಾಸಿದ್ದು ಯಾಕೆ ಎಂಬುದನ್ನೂ ಹೇಳಿದ. ಅದನ್ನು ಹೇಳಿದ್ದು ಡಾಕ್ಟರಿಗಲ್ಲ.

ಮಾವ ತಲೆ ತಗ್ಗಿಸಿ ಕೇಳಿಸಿಕೊಂಡ.

ಡಾಕ್ಟರು ಕೈಮುಷ್ಟಿ ಮಾಡಿ ತೋರಿಸಿದರು. "ಹೊಟ್ಟೆ ಅನ್ನೋದು ಬರೀ ಚೀಲ ಅಲ್ಲ. ಅದು ಹಿಂಡುತ್ತೆ. ಹಿಂಡಿ ಹಿಂಡಿ ಊಟಾನ ಕೆಳಗೆ ತಳ್ಳುತ್ತೆ. ಕರುಳೂ ಹಾಗೇ. ಹಿಂಡು ಅಂತ ಹುಕುಂ ಕೊಡೋದು ನರ. ಸಕ್ಕರೆ ವರ್ಷಗಟ್ಟಲೆ ಜಾಸ್ತಿ ಇದ್ರೆ ಕಾಲಿನ ನರ ಜೋಮು ಹಿಡಿಯುತ್ತಲ್ಲ, ಹಾಗೆ ಹೊಟ್ಟೆ ನರಾನೂ ಸವೆಯುತ್ತೆ. ಹುಕುಂ ತಡವಾಗಿ ಬರುತ್ತೆ. ಊಟ ಹೊಟ್ಟೇಲೇ ಕೂತಿರುತ್ತೆ, ನೀವು ಚುಚ್ಕೊಂಡ ಇನ್ಸುಲಿನ್ ಮಾತ್ರ ಕಾಯಲ್ಲ, ತನ್ನ ಕೆಲಸ ಮಾಡಿಬಿಡುತ್ತೆ. ಅದಕ್ಕೇ ತಿಂದ್ರೂ ಸಕ್ಕರೆ ಇಳಿಯೋದು. ಆಮೇಲೆ ಊಟ ಇಳಿದಾಗ ಒಂದೇ ಸಲ ಏರುತ್ತೆ."

"ಮತ್ತೆ ಕೆಳಗಿಂದು?"

"ಕೆಳಗೆ ಕೆಲವರಿಗೆ ಓಡುತ್ತೆ, ಕೆಲವರಿಗೆ ನಿಲ್ಲುತ್ತೆ, ಕೆಲವರಿಗೆ ಎರಡೂ. ತಡೆದು ಹಿಡಿಯೋ ಬಿಗಿ ಕೂಡ ಸಡಿಲ ಆಗಬಹುದು. ಅದು ನಿಮ್ಮ ಸೋಮಾರಿತನ ಅಲ್ಲ, ಗಲೀಜೂ ಅಲ್ಲ. ಕಾಯಿಲೆ. ಆದ್ರೆ ಹೀಗೇ ಅಂತ ನಾನು ಈಗಲೇ ಸಹಿ ಹಾಕಲ್ಲ. ಬಾಯಿಂದ ಹೊಟ್ಟೆಗೆ ಟ್ಯೂಬು ಬಿಟ್ಟು ನೋಡಬೇಕು, ಬೇರೆ ಅಡ್ಡ ಏನಾದ್ರೂ ಇದೆಯಾ ಅಂತ. ರಕ್ತ, ಮಲ ಪರೀಕ್ಷೆ ಮಾಡಬೇಕು. ಊಟ ಕೊಟ್ಟು, ಅದು ಎಷ್ಟು ಹೊತ್ತಿಗೆ ಇಳಿಯುತ್ತೆ ಅಂತ ಯಂತ್ರದಲ್ಲಿ ನೋಡಬೇಕು."

"ವಾಸಿ ಆಗುತ್ತಾ?"

"ಸವೆದ ನರ ಹೊಸದಾಗೋದು ಕಷ್ಟ. ಸಕ್ಕರೆ ಹಿಡಿತಕ್ಕೆ ಬಂದ್ರೆ ಇನ್ನಷ್ಟು ಸವೆಯೋದು ನಿಧಾನ ಆಗುತ್ತೆ. ಭೇದಿಗೆ ಮಾತ್ರೆ ಇದೆ, ಊಟ ಇಳಿಯೋಕೂ ಇದೆ. ಮಿಕ್ಕಿದ್ದಕ್ಕೆ ದಾರಿ ಮಾಡ್ಕೋಬೇಕು."

ಪರೀಕ್ಷೆಗಳಾದವು. ಬೇರೆ ಅಡ್ಡ ಏನೂ ಇರಲಿಲ್ಲ. ಡಾಕ್ಟರು ಹೇಳಿದ್ದೇ ನಿಜವಾಗಿತ್ತು. ಇನ್ಸುಲಿನ್ ಯಾವಾಗ, ಎಷ್ಟು ಎಂಬುದನ್ನು ಅವರು ಬದಲಾಯಿಸಿದರು. ದೊಡ್ಡ ಊಟ ಬಿಟ್ಟು ಸ್ವಲ್ಪ ಸ್ವಲ್ಪವೇ ಹಲವು ಸಲ ತಿನ್ನಬೇಕು, ಮೆತ್ತಗೆ ಬೇಯಿಸಿ ಹಿಸುಕಿದ್ದು ಒಳ್ಳೆಯದು, ಎಣ್ಣೆ ಕಡಿಮೆ, ಹಸಿ ತರಕಾರಿ ಬೇಡ, ತಿಂದ ಮೇಲೆ ಮಲಗಬಾರದು, ನಡೆಯಬೇಕು ಎಂದರು. ಮಾವನಿಗೆ ಬೇರೆ ಪಟ್ಟಿ: ಅವನಿಗೆ ಸೊಪ್ಪು ತರಕಾರಿ ಜಾಸ್ತಿ, ನೀರು ಜಾಸ್ತಿ, ಬೀಡಿ ಬೇಡ.

ಪಟ್ಟಿ ನೋಡಿ ಜಗಳ ತೆಗೆದವಳು ಅಕ್ಕ. ಖಾರಪುಡಿ, ಮಾವ ಇಬ್ಬರೂ ಇದ್ದದ್ದು ಅವಳ ಮನೆಯಲ್ಲೇ. ಬಟ್ಟೆ ಫ್ಯಾಕ್ಟರಿಗೆ ಹೊರಡುವ ಮುಂಚೆ ದಿನಾ ತಟ್ಟೆ ತುಂಬ ಹಸಿ ತರಕಾರಿ ಹೆಚ್ಚಿಡುತ್ತಿದ್ದಳು. ಸಕ್ಕರೆ ಇರುವವರಿಗೆ ಅದೇ ಅಮೃತ ಎಂದು ಫ್ಯಾಕ್ಟರಿಯಲ್ಲಿ ಎಲ್ಲರೂ ಹೇಳಿದ್ದರು.

"ನಾನೇನು ವಿಷ ಹಾಕ್ತಿದ್ನಾ ನಿನಗೆ?"

"ವಿಷ ಅಂದ್ನಾ? ಊರಿಗೆಲ್ಲ ಒಳ್ಳೇದು, ನನಗೆ ಆಗಲ್ಲ. ಮಾವನಿಗೆ ಕೊಡು, ಅವನಿಗೆ ಬರೆದಿದ್ದಾರೆ."

"ಈ ವಯಸ್ಸಿಗೆ ನಿನಗೆ ಹಿಸುಕಿ ಕೊಡಬೇಕಾ? ಹಲ್ಲಿಲ್ಲದ ಮಗೂಗೆ ಕೊಟ್ಟ ಹಾಗೆ?"

"ಬಾಯಲ್ಲಿ ಹಲ್ಲಿದೆ ಅಕ್ಕಾ. ಹೊಟ್ಟೆಗೆ ಹಲ್ಲಿಲ್ಲ."

ಅಕ್ಕ ಬೈಯುತ್ತಲೇ ಅನ್ನ ಇನ್ನೊಂದಿಷ್ಟು ಬೇಯಲು ಬಿಟ್ಟಳು. ಹಿಸುಕುವಾಗ ಪಾತ್ರೆಯ ಸದ್ದು ಬೇಕಾದ್ದಕ್ಕಿಂತ ಜಾಸ್ತಿಯೇ ಬಂತು.

ಪವಾಡವೇನೂ ಆಗಲಿಲ್ಲ. ವಾಂತಿ ಕಡಿಮೆಯಾಯಿತು. ಕೆಲಸದ ನಡುವೆ ಬೆವರಿ ನಡುಗುವುದು ಅಪರೂಪವಾಯಿತು. ಭೇದಿ ಮಾತ್ರೆಗೆ ಕೆಲವು ದಿನ ಬಗ್ಗಿತು, ಕೆಲವು ದಿನ ಬಗ್ಗಲಿಲ್ಲ. ಬಗ್ಗದ ದಿನ ಕಕ್ಕಸು ಹತ್ತಿರ ಇರಬೇಕು. ಅಷ್ಟೇ ಲೆಕ್ಕ. ಆದರೆ ಆ 'ಅಷ್ಟೇ' ಯಾರ ಕೈಯಲ್ಲಿತ್ತು? ಗುತ್ತಿಗೆದಾರನ ಕೈಯಲ್ಲಿ.

"ದಾರ ನಿನಗೇ" ಎಂದ ಮಾವ, ಆಫೀಸ್ ಕಟ್ಟಡಕ್ಕೆ ಹೋಗುವ ಬೆಳಿಗ್ಗೆ.

"ಅವತ್ತು ಅವನು ಪೊರಕೆ ಅಂದಾಗ ಬಾಯಿ ಮುಚ್ಕೊಂಡು ನಿಂತಿದ್ದೆಯಲ್ಲ?"

"ಅವತ್ತು ನೀನು ಯಾಕೆ ಹಾಗೆ ಹಾಕಿದೆ ಅಂತ ನನಗೇ ಗೊತ್ತಿರಲಿಲ್ಲ. ಗೊತ್ತಿಲ್ಲದೆ ವಕಾಲತ್ತು ವಹಿಸೋಕೆ ನಾನೇನು ವಕೀಲನಾ? ಇವತ್ತು ಗೊತ್ತಿದೆ."

ಆಫೀಸ್ ಕಟ್ಟಡದ ಮೇಲಿನ ಮಹಡಿಯಲ್ಲಿ ಒಂದು ಟಾಯ್ಲೆಟ್ ಮೊದಲೇ ಮುಗಿದಿತ್ತು. ಒಳಗಿನ ಟೈಲ್ಸು ಹಾಕಿದ್ದು ಮಾವನ ಜನರೇ. ಈಗ ಅದಕ್ಕೆ ಬೀಗ. ಎಂಜಿನಿಯರಿಗೆ, ನೋಡಲು ಬರುವ ದೊಡ್ಡವರಿಗೆ ಮಾತ್ರ. ಕೆಲಸದವರು ಕೆಳಗಿಳಿದು ಕಟ್ಟಡದ ಹಿಂದಿನ ಖಾಲಿ ಜಾಗಕ್ಕೆ ಹೋಗಬೇಕು. ಕಕ್ಕಸಿಗೆ ಟೈಲ್ಸು ಹಾಕಿದವನ ಮುಖಕ್ಕೇ ಆ ಬಾಗಿಲು ಹಾಕುವುದು ಈ ಕಸುಬಿನಲ್ಲಿ ನಡೆದುಬಂದ ಮರ್ಯಾದೆ. ಯಾರೂ ಅದನ್ನು ಅವಮಾನ ಎಂದು ಕರೆಯುವುದಿಲ್ಲ, ನಿಯಮ ಎನ್ನುತ್ತಾರೆ.

ಗುತ್ತಿಗೆದಾರ ಇನ್ನೂ ಬಂದಿರಲಿಲ್ಲ. ಏಣಿಯ ಮೇಲೆ ಗೋಡೆ ಉಜ್ಜುತ್ತಿದ್ದ ಬಣ್ಣದವನು ಕೆಳಗಿಳಿದು ಬಂದ.

"ಲೋ, ಅವತ್ತು ನೀನು ವಾಂತಿ ಮಾಡ್ಕೊಂಡೆ ಅಂತ ಆಮೇಲೆ ಗೊತ್ತಾಯ್ತು. ನಾನು ಸುಮ್ಮನೆ ನಕ್ಕೆ. ಏನಾಗಿತ್ತೋ?"

ಖಾರಪುಡಿ ಅವನ ಮುಖ ನೋಡಿದ. ಕೀಟಲೆ ಇರಲಿಲ್ಲ.

"ಸಕ್ಕರೆ. ಹೊಟ್ಟೆ ನರ ಸವೆದಿದೆ. ತಿಂದಿದ್ದು ಇಳಿಯಲ್ಲ, ಇಳಿದ್ರೆ ತಡೆಯೋಕಾಗಲ್ಲ. ಕಕ್ಕಸು ಆ ಕಡೆ ಇತ್ತಲ್ಲ, ಅದಕ್ಕೇ ಬಾಗಿಲಿಂದ ಹಾಕಿದ್ದು."

"ಓ" ಎಂದ ಬಣ್ಣದವನು. ಸ್ವಲ್ಪ ಯೋಚಿಸಿ, "ಹಂಗಾದ್ರೆ ಬಾಯಲ್ಲಿ ಖಾರ, ರಕ್ತದಲ್ಲಿ ಸಕ್ಕರೆ ಅನ್ನು. ನಮ್ಮಪ್ಪನಿಗೂ ಹಿಂಗೇ ಆಗ್ತಿತ್ತು. ನಾವು ವಯಸ್ಸಾಯ್ತು ಅಂತ ಬೈತಿದ್ವಿ" ಎಂದ. ಮತ್ತೆ ಏಣಿ ಹತ್ತಿದ.

ಅಷ್ಟೇ. ಹೇಳಿದರೆ ಭೂಮಿ ಬಾಯಿ ಬಿಡುತ್ತದೆ ಎಂದುಕೊಂಡಿದ್ದ. ಬಿಡಲಿಲ್ಲ.

ಗುತ್ತಿಗೆದಾರ ಬಂದಾಗ ಖಾರಪುಡಿ ದಾರ ಎಳೆದು ಮುಗಿಸಿದ್ದ. ಗೋಡೆಯಿಂದ ಗೋಡೆಗೆ ನೇರವಾಗಿ ನಿಂತಿದ್ದ ದಾರವನ್ನು ನೋಡಿ ಗುತ್ತಿಗೆದಾರ ಹುಬ್ಬೇರಿಸಿದ.

"ಏನು ಮೇಸ್ತ್ರಿ, ನಾನು ಹೇಳಿದ್ದು ಪೊರಕೆ."

"ದಾರ ಅವನ ಕೈಲೇ ಇರುತ್ತೆ" ಎಂದ ಮಾವ. ಗೋಡೆ ಹಿಡಿಯದೇ ಎದ್ದು ನಿಂತಿದ್ದ. ಮಂಡಿ ನೋಯುತ್ತಿದ್ದದ್ದು ಮುಖದಲ್ಲಿ ಕಾಣುತ್ತಿತ್ತು. "ಇನ್ನೊಂದು ವಿಷಯ. ಆ ಟಾಯ್ಲೆಟ್ ಕೀ ಬೇಕು. ಕೆಲಸ ಮುಗಿಯೋ ತನಕ ನಮ್ಮ ಹತ್ರ ಇರಲಿ. ಇಬ್ಬರಿಗೂ ಆರೋಗ್ಯ ಸರಿ ಇಲ್ಲ."

"ಆ ಟಾಯ್ಲೆಟ್ಟಾ? ಎಂಜಿನಿಯರ್ ನನ್ನ ಚರ್ಮ ಸುಲೀತಾರೆ!"

"ತೊಳೆದಿಡ್ತೀವಿ. ಹಾಕಿದ್ದೂ ನಾವೇ, ತೊಳೆಯೋಕೆ ಬರಲ್ವಾ? ಆಗಲ್ಲ ಅಂದ್ರೆ ಈಗಲೇ ಹೇಳಿಬಿಡು. ದಾರ ಸುತ್ತಿಕೊಂಡು ಹೋಗ್ತೀವಿ. ನೀನು ಬೇರೆ ಜನ ನೋಡ್ಕೋ."

ಮಾವ ಗುತ್ತಿಗೆದಾರನಿಗೆ ಏಕವಚನ ಬಳಸಿದ್ದು ಅದೇ ಮೊದಲು. ಗಾರೆ ಕಲಸುತ್ತಿದ್ದವರು ಕೈ ನಿಲ್ಲಿಸಿದರು. ಏಣಿಯ ಮೇಲೆ ಉಜ್ಜುವ ಸದ್ದೂ ನಿಂತಿತು. ಮಹಡಿಯ ತುಂಬ ಟೈಲ್ಸಿನ ಪೆಟ್ಟಿಗೆಗಳು ರಾಶಿ ಬಿದ್ದಿದ್ದವು, ಮಾಲೀಕರು ಕೊಟ್ಟ ಗಡುವು ಹತ್ತಿರವಿತ್ತು. ಗುತ್ತಿಗೆದಾರ ಪೆಟ್ಟಿಗೆಗಳನ್ನು ನೋಡಿದ, ಮೇಸ್ತ್ರಿಯನ್ನು ನೋಡಿದ. ಕೊನೆಗೆ ಜೇಬಿಂದ ಗೊಂಚಲು ತೆಗೆದು ಒಂದು ಬೀಗದ ಕೈ ಬಿಡಿಸಿದ. ಕೊಡಲಿಲ್ಲ. ಎರಡು ಬೆರಳಲ್ಲಿ ಹಿಡಿದು, ಎಲ್ಲರಿಗೂ ಕಾಣುವ ಹಾಗೆ, ಖಾರಪುಡಿಯ ಮುಖದ ಮುಂದೆ ತೂಗಿದ.

"ಓಹೋ, ಕಕ್ಕಸಿಗೆ ಮಾವನ ಶಿಫಾರಸು ಬೇರೆ! ಕೊಡ್ತೀನಿ. ಆದ್ರೆ ಎಲ್ಲರ ಮುಂದೆ ಹೇಳಬೇಕು. ಏನು ಕಾಯಿಲೆ ನಿನಗೆ? ದಿನಕ್ಕೆ ಎಷ್ಟು ಸಲ ಓಡ್ತೀಯ? ಚಡ್ಡೀಲಿ ಮಾಡ್ಕೊಳ್ಳೋ ಮಗೂಗೆ ದಾರ ಕೊಟ್ರು ಅಂತ ನಾಳೆ ಜನ ನನ್ನ ನೋಡಿ ನಗಬಾರದಲ್ಲ? ಹೇಳಪ್ಪ, ಹೇಳು. ಬಾಯಿಗೇನು ಕಡಿಮೆ ನಿನಗೆ!"

ಎಲ್ಲರೂ ಖಾರಪುಡಿಯನ್ನು ನೋಡಿದರು. ಈಗ ಬರುತ್ತೆ ನೋಡು ಎಂಬ ಹಾಗೆ ಬಣ್ಣದವನು ಏಣಿಯ ಮೇಲೆ ಸರಿಯಾಗಿ ಕೂತುಕೊಂಡ. ಖಾರಪುಡಿಯ ಬಾಯಲ್ಲಿ ಮಾತುಗಳಿಗೆ ಬರವಿರಲಿಲ್ಲ; ಒಂದಕ್ಕಿಂತ ಒಂದು ಖಾರವಾದವು ನಾಲಿಗೆಯ ತುದಿಗೇ ಬಂದು ಸಾಲಾಗಿ ನಿಂತಿದ್ದವು. ಗುತ್ತಿಗೆದಾರನ ಹೊಟ್ಟೆ, ಗುತ್ತಿಗೆದಾರನ ವಂಶ, ಗುತ್ತಿಗೆದಾರನ ಎಂಜಿನಿಯರು, ಒಬ್ಬರನ್ನೂ ಬಿಟ್ಟಿರಲಿಲ್ಲ. ಕಾಯಿಲೆಯ ಹೆಸರು ಹೇಳಲೂ ಈಗ ನಾಚಿಕೆಯಿರಲಿಲ್ಲ. ಆಗತಾನೇ ಬಣ್ಣದವನಿಗೆ ಹೇಳಿದ್ದ. ಅವನು ಮನುಷ್ಯನ ಹಾಗೆ ಕೇಳಿದ್ದ. ಈ ತೂಗುವ ಬೀಗದ ಕೈಗೆ ಆ ಮಾತನ್ನು ಬೆಲೆಯಾಗಿ ಕೊಡಲು ಮನಸ್ಸಾಗಲಿಲ್ಲ. ಜೊತೆಗೆ ಹೊಟ್ಟೆಯೂ ಕರೆಯುತ್ತಿತ್ತು.

ಅವನು ಕೈ ಚಾಚಿ, ಗುತ್ತಿಗೆದಾರನ ಎರಡು ಬೆರಳ ನಡುವಿನಿಂದ ಬೀಗದ ಕೈ ಕಿತ್ತುಕೊಂಡ.

"ಲೋ! ಕೇಳಿದ್ದಕ್ಕೆ ಉತ್ತರ ಎಲ್ಲೋ?"

ಖಾರಪುಡಿ ದಾರವನ್ನು ತುಳಿಯದ ಹಾಗೆ ದಾಟಿ, ಟೈಲ್ಸಿನ ಪೆಟ್ಟಿಗೆಗಳ ಪಕ್ಕದಲ್ಲಿ, ಬೀಗ ಹಾಕಿದ್ದ ಬಾಗಿಲ ಕಡೆಗೆ ನಡೆದುಹೋದ.